ಸಿನಿಮಾದ ಗೇಮು, ಗೇಮಿನ ಸಿನಿಮಾ: ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಗೇಮ್ ಪಾರ್ಲರ್ ಇದೆ. ಎರಡು ಪ್ಲೇಸ್ಟೇಷನ್, ನಾಲ್ಕು ಕಂಪ್ಯೂಟರ್, ಒಂದು ಹಳೇ ಸೋಫಾ. ಬರುವವರಲ್ಲಿ ಅರ್ಧ ಜನ ಕಾಂಪಿಟೇಟಿವ್ ಪರೀಕ್ಷೆಗೆ ಓದಲು ಬಂದು ಇಲ್ಲೇ ರೂಮ್ ಮಾಡಿಕೊಂಡವರು. ಅದಕ್ಕೂ ಮೊದಲು ಹುಬ್ಬಳ್ಳಿ ವಿದ್ಯಾನಗರದಲ್ಲಿ ಸೈಬರ್ ಕೆಫೆ ನಡೆಸುತ್ತಿದ್ದೆ. ಎರಡೂ ಸೇರಿ ಇಪ್ಪತ್ತು ವರ್ಷದ ಮೇಲಾಯಿತು ಕೌಂಟರಿನ ಹಿಂದೆ ಕೂತು. ಸರದಿ ಬರುವ ತನಕ ಹುಡುಗರು ಸುಮ್ನೆ ಕೂರುವುದಿಲ್ಲ. ಹೊಸ ಇಂಗ್ಲಿಷ್ ಸಿನಿಮಾ ಬಂದ ವಾರವಂತೂ ಒಂದೇ ಮಾತು: "ಕಾಕಾ, ಇದರ ಗೇಮ್ ಐತೇನು?"

ನಮ್ಮ ಭಾಷೆಯಲ್ಲಿ ಸಿನಿಮಾನೂ ಆಟವೇ. ಪೋಸ್ಟರಿನ ಕೆಳಗೆ ಈಗಲೂ 'ದಿನಾಲು 4 ಆಟಗಳು' ಅಂತ ಬರೆದಿರುತ್ತಾರೆ. ಬಯಲಿನಲ್ಲಿ ರಾತ್ರಿಯಿಡೀ ಕುಣಿದರೆ ಅದು ದೊಡ್ಡಾಟ. ಹೆಸರು ಒಂದೇ ಆದರೂ ಈ ಎರಡು ಆಟಗಳ ನಡುವಿನ ಸಂಬಂಧ ಬಹಳ ವರ್ಷ ಸರಿ ಇರಲಿಲ್ಲ. ಯಾಕೆ ಅಂತ ದಿನಾ ಹೇಳಿ ಹೇಳಿ ಸಾಕಾಗಿ ಇದನ್ನು ಬರೆದಿದ್ದೇನೆ.

ಸಿನಿಮಾದ ಗೇಮ್ ಅಂದ್ರೆ ಕೆಟ್ಟದ್ದೇ ಅಂತಾರಲ್ಲ, ನಿಜಾನಾ?

ಬಹಳ ವರ್ಷ ಹೆಚ್ಚು ಕಡಿಮೆ ನಿಜವೇ ಆಗಿತ್ತು. ಕಾರಣ ಸರಳ. ಶಿವರಾತ್ರಿ ಹೊತ್ತಿಗೆ ಸಿದ್ಧಾರೂಢ ಮಠದ ಜಾತ್ರೆಗೆ ಹೋದರೆ ಪ್ಲಾಸ್ಟಿಕ್ ಪೀಪಿ, ಗಿರಗಿಟ್ಟಲೆ ಮಾರುತ್ತಿರುತ್ತಾರೆ. ಅದು ಎಷ್ಟು ದಿನ ಬಾಳುತ್ತದೆ ಅಂತ ಯಾರೂ ಕೇಳುವುದಿಲ್ಲ. ತೇರು ಎಳೆಯುವ ಹೊತ್ತಿಗೆ ಅಂಗಡಿಯಲ್ಲಿ ಇರಬೇಕು, ಅಷ್ಟೇ. ಮರುದಿನ ಬಂದರೆ ಕೊಳ್ಳುವವರಿಲ್ಲ. ಸಿನಿಮಾದ ಗೇಮೂ ಜಾತ್ರೆಯ ಪೀಪಿಯೇ ಆಗಿತ್ತು. ಟೀ ಶರ್ಟು, ಟಿಫಿನ್ ಡಬ್ಬಿ, ಬೊಂಬೆ, ಅದರ ಪಕ್ಕದಲ್ಲಿ ಗೇಮು.

ಸಿನಿಮಾ ಬಿಡುಗಡೆಯ ಶುಕ್ರವಾರ ಮೊದಲೇ ಗೊತ್ತಾಗಿರುತ್ತದೆ. ಆ ದಿನಕ್ಕೆ ಗೇಮ್ ತಯಾರಿರಬೇಕು. ಹಕ್ಕಿನ ಮಾತುಕತೆ ಮುಗಿಯುವಷ್ಟರಲ್ಲಿ ಅರ್ಧ ಸಮಯ ಹೋಗಿರುತ್ತದೆ. ಕಥೆ ಹೊರಗೆ ಬೀಳಬಾರದು ಅಂತ ಗೇಮ್ ಮಾಡುವವರ ಕೈಗೆ ಪೂರ್ತಿ ಚಿತ್ರಕಥೆಯನ್ನೂ ಕೊಡುತ್ತಿರಲಿಲ್ಲ. ಕೊಟ್ಟರೂ ಎಡಿಟಿಂಗ್‌ನಲ್ಲಿ ಸೀನ್ ಹಾರಿಹೋಗುತ್ತಿತ್ತು. ಹಕ್ಕಿಗೆ ಕೊಟ್ಟ ದುಡ್ಡು ಕಳೆದು ಉಳಿದದ್ದರಲ್ಲಿ ಗೇಮ್ ಮಾಡಬೇಕು. ಇದರಲ್ಲಿ ಒಳ್ಳೆಯದು ಹುಟ್ಟಿದರೆ ಅದೇ ಆಶ್ಚರ್ಯ.

ಗೇಮ್ ಕ್ಯಾಸೆಟ್‌ಗಳನ್ನು ಮರುಭೂಮಿಯಲ್ಲಿ ಹೂತಿದ್ದರಂತೆ. ಕಟ್ಟುಕಥೆಯಾ?

ಅಲ್ಲ, ನಡೆದದ್ದೇ. ನನಗೆ ಬಹಳ ಇಷ್ಟದ ಕಥೆ ಇದು. ಸ್ವಲ್ಪ ಉದ್ದ ಆಗುತ್ತದೆ.

ಭೂಮಿಯಲ್ಲಿ ಸಿಕ್ಕಿಬಿದ್ದ ಅನ್ಯಗ್ರಹದ ಜೀವಿಯ ಕಥೆ ಹೇಳುವ 'ಇ.ಟಿ.' ಸಿನಿಮಾ 1982ರಲ್ಲಿ ಅಮೆರಿಕದಲ್ಲಿ ಭರ್ಜರಿ ಓಡಿತು. ಅಟಾರಿ ಕಂಪನಿ ಅದರ ಗೇಮ್ ಹಕ್ಕು ಕೊಂಡಿತು. ಮಾತುಕತೆ ಮುಗಿದದ್ದು ಜುಲೈ ಕೊನೆಗೆ. ಕ್ರಿಸ್‌ಮಸ್‌ಗೆ ಅಂಗಡಿ ತಲುಪಬೇಕೆಂದರೆ ಸೆಪ್ಟೆಂಬರ್ 1ಕ್ಕೆ ಗೇಮ್ ಮುಗಿಯಬೇಕು. ಆಗೆಲ್ಲ ಒಂದು ಗೇಮಿಗೆ ಐದಾರು ತಿಂಗಳು ಹಿಡಿಯುತ್ತಿತ್ತು. ಹೊವಾರ್ಡ್ ಸ್ಕಾಟ್ ವಾರ್ಶಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕದ್ದು ಐದು ವಾರ ಮಾತ್ರ. ಅವರೇನು ಹೊಸಬರಲ್ಲ. ಅದೇ ವರ್ಷ 'ಯಾರ್ಸ್ ರಿವೆಂಜ್' ಎಂಬ ಒಳ್ಳೆಯ ಗೇಮ್ ಮಾಡಿದ್ದರು. ಇಂಡಿಯಾನಾ ಜೋನ್ಸ್‌ನ ಮೊದಲ ಸಿನಿಮಾವನ್ನೂ ಗೇಮ್ ಮಾಡಿದ್ದರು.

ಐದು ವಾರದಲ್ಲಿ ಹೆಚ್ಚು ಕಡಿಮೆ ಒಬ್ಬರೇ ಕೂತು ಮುಗಿಸಿದರು. ಆ ಗೇಮಿನಲ್ಲಿ ಇ.ಟಿ. ಮನೆಗೆ ಫೋನ್ ಮಾಡಲು ಬೇಕಾದ ತುಂಡುಗಳನ್ನು ಹುಡುಕಬೇಕು. ಹುಡುಕುತ್ತ ಹೋದರೆ ಗುಂಡಿಗೆ ಬೀಳುತ್ತಾನೆ. ಕುತ್ತಿಗೆ ಉದ್ದ ಮಾಡಿ ಮೇಲೆ ಬರುತ್ತಾನೆ. ಮತ್ತೆ ಬೀಳುತ್ತಾನೆ. ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ಕೂಟಿ ಓಡಿಸಿದವರಿಗೆ ಈ ಅನುಭವ ಹೊಸದಲ್ಲ.

ಸುಮಾರು 40 ಲಕ್ಷ ಕಾರ್ಟ್ರಿಜ್ (ನಾವು ಗೇಮ್ ಕ್ಯಾಸೆಟ್ ಅನ್ನುವುದು) ಮಾಡಿದ್ದರು. ಬಹಳಷ್ಟು ಮಾರಾಟವಾಗದೆ ಉಳಿದವು. 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗಾರ್ಡೋ ಊರಿನ ಕಸದ ಗುಂಡಿಗೆ ಲಾರಿಗಟ್ಟಲೆ ಮಾಲು ಸುರಿದು ಮುಚ್ಚಿದರು. ಮೂವತ್ತು ವರ್ಷ ಜನ ಇದನ್ನು ಬುರುಡೆ ಅಂದುಕೊಂಡಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದರೆ ಸಾವಿರಕ್ಕೂ ಹೆಚ್ಚು ಕಾರ್ಟ್ರಿಜ್ ಸಿಕ್ಕವು. ಇ.ಟಿ. ಒಂದೇ ಅಲ್ಲ, ಬೇರೆ ಗೇಮುಗಳೂ ಇದ್ದವು. ಅಂದರೆ ಹೂತದ್ದು ಒಂದು ಕೆಟ್ಟ ಗೇಮನ್ನಲ್ಲ, ಗೋಡೌನ್ ತುಂಬಿದ ಮಾಲನ್ನು. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದ ಪಾಪವನ್ನೆಲ್ಲ ಇ.ಟಿ. ತಲೆಗೆ ಕಟ್ಟಿದರು. ನನ್ನ ಪ್ರಕಾರ ಅದು ಅನ್ಯಾಯ. ಅಂಗಡಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಗೇಮುಗಳು ಮೊದಲೇ ತುಂಬಿದ್ದವು.

ಅಲ್ಲಾದೀನ್, ಲಯನ್ ಕಿಂಗ್ ಚೆನ್ನಾಗಿದ್ದವಲ್ಲ?

ಚೆನ್ನಾಗಿದ್ದವು. ಮನೆಯಲ್ಲಿ ಮೊದಲ ಕಂಪ್ಯೂಟರ್ ಬಂದ ಕಾಲದವರು ಇದನ್ನು ಕೇಳುತ್ತಾರೆ. ನಾವು ಆಡಿದ್ದು ಡಾಸ್ ಕಂಪ್ಯೂಟರಿನಲ್ಲಿ, ಫ್ಲಾಪಿಯಿಂದ ಫ್ಲಾಪಿಗೆ ಕಾಪಿ ಆಗಿ ಬಂದದ್ದು.

1993ರಲ್ಲಿ 'ಅಲ್ಲಾದೀನ್' ಹೆಸರಿನಲ್ಲಿ ಎರಡು ಬೇರೆ ಬೇರೆ ಗೇಮ್ ಬಂದವು. ಸೆಗಾ ಎಂಬ ಗೇಮ್ ಮೆಷಿನ್ನಿನದಕ್ಕೆ ಡಿಸ್ನಿಯ ಚಿತ್ರಕಾರರೇ ಕೈಯಲ್ಲಿ ಚಿತ್ರ ಬರೆದುಕೊಟ್ಟರು. ಅದಕ್ಕೇ ಅಲ್ಲಾದೀನನ ಓಟ, ಜಿಗಿತ ಸಿನಿಮಾದಲ್ಲಿದ್ದಂತೆಯೇ ಕಾಣುತ್ತದೆ. ನಿಂಟೆಂಡೋ ಮೆಷಿನ್ನಿನದನ್ನು ಮಾಡಿದ್ದು ಕ್ಯಾಪ್‌ಕಾಮ್ ಎಂಬ ಕಂಪನಿ. ಅದರಲ್ಲಿ ಕೆಲಸ ಮಾಡಿದ ಶಿಂಜಿ ಮಿಕಾಮಿ ಮುಂದೆ 1996ರಲ್ಲಿ 'ರೆಸಿಡೆಂಟ್ ಈವಿಲ್' ಎಂಬ ಹೆದರಿಸುವ ಗೇಮ್ ಮಾಡಿದರು. ಹಾರುವ ಚಾಪೆಯಿಂದ ನೇರ ಹೆಣಗಳ ಮನೆಗೆ!

'ಲಯನ್ ಕಿಂಗ್' ಬಂದದ್ದು 1994ರಲ್ಲಿ. ಎರಡನೇ ಲೆವೆಲ್‌ನಲ್ಲಿ ಕೋತಿಗಳು ಸಿಂಬಾನನ್ನು ಎಸೆದಾಡುವ ಜಾಗ ನೆನಪಿದೆಯಾ? ಅಲ್ಲಿ ನಾವೆಲ್ಲ ಅತ್ತಿದ್ದೇವೆ. ನಾವು ದಡ್ಡರು ಅಂತಲ್ಲ, ಬೇಕಂತಲೇ ಕಷ್ಟ ಮಾಡಿದ್ದರು. ಅಮೆರಿಕದಲ್ಲಿ ಗೇಮುಗಳು ಬಾಡಿಗೆಗೆ ಸಿಗುತ್ತಿದ್ದವು. ಶನಿವಾರ ಒಯ್ದು ಸೋಮವಾರ ಮುಗಿಸಿ ಕೊಟ್ಟರೆ ಕೊಳ್ಳುವವರು ಯಾರು? ಹಾಗಾಗಿ ಬೇಗ ಮುಗಿಯದಂತೆ ಮಾಡಿದೆವು ಅಂತ ಮಾಡಿದವರೇ ಆಮೇಲೆ ಹೇಳಿದ್ದಾರೆ. ಗಣಪತಿ ಹಬ್ಬಕ್ಕೆ ವಿಸಿಆರ್ ಬಾಡಿಗೆ ತಂದು ಒಂದೇ ರಾತ್ರಿ ನಾಲ್ಕು ಕ್ಯಾಸೆಟ್ ನೋಡಿದ ನಮ್ಮಂಥವರಿಗೆ ಆ ಭಯ ಎಂಥದ್ದು ಅಂತ ಅರ್ಥವಾಗುತ್ತದೆ.

ತಡವಾಗಿ ಬಂದರೆ ಗೇಮ್ ಚೆನ್ನಾಗಿರತ್ತಾ?

ಜಾತ್ರೆ ಮುಗಿದ ಮೇಲೆ ಬಂದ ಆಟಿಕೆ ಎಷ್ಟು ಚೆನ್ನಾಗಿರಬಹುದು ಅನ್ನುವುದಕ್ಕೆ 'ಗೋಲ್ಡನ್ ಐ' ಇದೆ. ಬಾಂಡ್ ಸಿನಿಮಾ ಬಂದದ್ದು 1995ರ ನವೆಂಬರ್‌ನಲ್ಲಿ, ಗೇಮ್ ಬಂದದ್ದು 1997ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಜನ ಸಿನಿಮಾ ಮರೆತಿರಬೇಕು. ಮಾಡಿದ್ದು ಇಂಗ್ಲೆಂಡಿನ ರೇರ್ ಎಂಬ ಕಂಪನಿಯ ಸಣ್ಣ ತಂಡ. ಅವರಲ್ಲಿ ಹೆಚ್ಚಿನವರಿಗೆ ಅದೇ ಮೊದಲ ಗೇಮ್. ಒಂದೇ ಟಿವಿಯಲ್ಲಿ ನಾಲ್ಕು ಜನ ಒಬ್ಬರಿಗೊಬ್ಬರು ಗುಂಡು ಹಾರಿಸುವ ಆಟವನ್ನು ಕೊನೆಯ ತಿಂಗಳುಗಳಲ್ಲಿ ಸೇರಿಸಿದರು. ಜನ ಇಂದಿಗೂ ನೆನೆಯುವುದು ಅದನ್ನೇ! 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಹಾಗಂತ ತಡವಾದದ್ದೆಲ್ಲ ಚೆನ್ನಾಗಿರುವುದಿಲ್ಲ. ಮುಂದೆ ಹೇಳುತ್ತೇನೆ.

ಸ್ಪೈಡರ್ ಮ್ಯಾನ್ 2 ಬಗ್ಗೆ ದೊಡ್ಡವರು ಯಾಕೆ ಅಷ್ಟು ಹೊಗಳುತ್ತಾರೆ?

2004ರ ಆ ಗೇಮಿನಲ್ಲಿ ಬಲೆ ಆಕಾಶಕ್ಕೆ ಅಂಟುತ್ತಿರಲಿಲ್ಲ, ಕಟ್ಟಡಕ್ಕೇ ಅಂಟುತ್ತಿತ್ತು. ಹತ್ತಿರ ಕಟ್ಟಡ ಇಲ್ಲದಿದ್ದರೆ ಜೋಲಿಯೂ ಇಲ್ಲ. ಕೇಳಲು ಸಣ್ಣ ಮಾತು. ಆದರೆ ಆಲದ ಮರದ ಬೀಳಲು ಹಿಡಿದು ಜೋಲಿ ಹೊಡೆದವರಿಗೆ ವ್ಯತ್ಯಾಸ ಗೊತ್ತು. ಯಾವಾಗ ಬಿಟ್ಟರೆ ಎಷ್ಟು ದೂರ ಹಾರುತ್ತೇವೆ ಅನ್ನುವುದು ಕೈಗೇ ತಿಳಿಯುತ್ತಿತ್ತು. ಕಥೆ ಬಿಟ್ಟು ಸುಮ್ನೆ ಊರು ಸುತ್ತುತ್ತ ಕೂರಬಹುದಿತ್ತು. ಸಿನಿಮಾದ ಜೊತೆಗೇ ಬಂದರೂ ಚೆನ್ನಾಗಿತ್ತು. ಅದೇ ತಂಡ 2002ರಲ್ಲಿ ಮೊದಲ ಸಿನಿಮಾದ ಗೇಮ್ ಮಾಡಿ ಕೈ ಪಳಗಿಸಿಕೊಂಡಿತ್ತು.

ಇದರಲ್ಲಿ ನನ್ನದೊಂದು ಸಂಕಟದ ಕಥೆ ಇದೆ. ಆಗ ನನ್ನ ಕೆಫೆಯಲ್ಲಿ ಇದ್ದದ್ದು ಬರೀ ಕಂಪ್ಯೂಟರ್. ಹೊಗಳಿಕೆ ಓದಿ, ಒಂದು ಅಂಗಡಿಯಿಂದ ಸಿಡಿ ತಂದು, ಆರು ಕಂಪ್ಯೂಟರಿಗೂ ಹಾಕಿದೆ. ಬಾಗಿಲಿಗೆ ಬೋರ್ಡೂ ಬರೆಸಿದೆ. ಅಂಗಡಿಯವನು ಹೇಳದೇ ಇದ್ದ ಮಾತು ಏನೆಂದರೆ, ಕಂಪ್ಯೂಟರಿಗೆ ಬಂದದ್ದು ಹೆಸರು ಮಾತ್ರ ಒಂದೇ ಆದ ಬೇರೆ ಗೇಮು. ಸಣ್ಣ ಮಕ್ಕಳಿಗೆ ಮಾಡಿದ್ದು. ಗುರುತು ಹಾಕಿದ ಜಾಗಕ್ಕಷ್ಟೇ ಬಲೆ ಅಂಟುತ್ತಿತ್ತು. ಹುಡುಗರು ಕಾಲು ಗಂಟೆ ಆಡಿ, "ರೊಕ್ಕ ವಾಪಸ್ ಕೊಡ್ರಿ" ಅಂದರು. ನಮ್ಮ ಕಡೆ ಬಹಳ ಜನ ಸಿನಿಮಾ ಗೇಮ್ ಅಂದರೆ ಮೂಗು ಮುರಿಯುವುದಕ್ಕೆ ಇದೂ ಒಂದು ಕಾರಣ. ಒಳ್ಳೆಯ ಗೇಮುಗಳು ಪ್ಲೇಸ್ಟೇಷನ್‌ನಲ್ಲಿ ಬಂದವು, ನಮಗೆ ಕಂಪ್ಯೂಟರಿನಲ್ಲಿ ಸಿಕ್ಕದ್ದು ಅದೇ ಹೆಸರಿನ ಬೇರೆ ಮಾಲು.

ಸಿನಿಮಾಕ್ಕಿಂತ ಗೇಮೇ ಚೆನ್ನಾಗಿರೋದು ಯಾವುದಾದ್ರೂ ಇದೆಯಾ?

'ರಿಡಿಕ್', 2004. ಸಿನಿಮಾದ ಕಥೆಯನ್ನು ಮುಟ್ಟಲಿಲ್ಲ. ಅದಕ್ಕೂ ಮೊದಲು ನಾಯಕ ಜೈಲಿನಿಂದ ಹೇಗೆ ತಪ್ಪಿಸಿಕೊಂಡ ಅನ್ನುವುದನ್ನು ಹೇಳಿದರು. ನಾಯಕ ನಟ ವಿನ್ ಡೀಸೆಲ್ ಸ್ವತಃ ಗೇಮ್ ಹುಚ್ಚಿನವರು. ಅವರದೇ ಗೇಮ್ ಕಂಪನಿಯೂ ಅದರಲ್ಲಿ ಸೇರಿತ್ತು. ಸಿನಿಮಾ ಮರೆತುಹೋಯಿತು, ಗೇಮ್ ಉಳಿಯಿತು.

ನಮ್ಮ ಸಿನಿಮಾಗಳ ಗೇಮ್ ಯಾಕಿಲ್ಲ?

ಇವೆ. 'ಗಜಿನಿ' ಹಿಂದಿ ಸಿನಿಮಾ ಬಂದಾಗ, 2008ರಲ್ಲಿ, ಹೈದರಾಬಾದಿನ ಎಫ್‌ಎಕ್ಸ್‌ಲ್ಯಾಬ್ಸ್ ಕಂಪ್ಯೂಟರ್ ಗೇಮ್ ಮಾಡಿತ್ತು. 2011ರಲ್ಲಿ 'ರಾ ಒನ್' ಪ್ಲೇಸ್ಟೇಷನ್‌ಗೇ ಬಂತು. ಸಿನಿಮಾದ ಕಥೆಯೇ ಗೇಮಿನ ಒಳಗಿನ ವಿಲನ್ ಹೊರಗೆ ಬರುವುದು. ಅದರ ಗೇಮ್ ಅಂದರೆ ಗೇಮಿನ ಸಿನಿಮಾದ ಗೇಮ್. ಆಮೇಲೆ ಎಲ್ಲ ಮೊಬೈಲಿಗೆ ಹೋಯಿತು. 2013ರ 'ಧೂಮ್ 3' ಬೈಕ್ ಗೇಮನ್ನು ಮಾಡಿದ್ದು ಯಾರು ಗೊತ್ತಾ? ನಮ್ಮ ಉಡುಪಿಯ 99ಗೇಮ್ಸ್. ಮುಂದೆ 'ಸುಲ್ತಾನ್' ಕುಸ್ತಿ ಗೇಮ್ ಮಾಡಿದ್ದೂ ಅವರೇ. 'ಬಾಹುಬಲಿ' ಮೊಬೈಲ್ ಗೇಮ್ 2017ರಲ್ಲಿ ಬೆಂಗಳೂರಿನ ಮೂನ್‌ಫ್ರಾಗ್ ಲ್ಯಾಬ್ಸ್‌ನಿಂದ ಬಂತು. ಕೋಟೆ ಕಟ್ಟಿ, ಸೈನ್ಯ ಕಳಿಸುವ ಆಟ. ಮುಂಬೈ, ಹೈದರಾಬಾದಿನ ಸಿನಿಮಾಗಳಿಗೆ ಗೇಮ್ ಮಾಡಿಕೊಟ್ಟವರು ಕರ್ನಾಟಕದವರು ಅಂದಾಗ ಹುಡುಗರು ನಂಬುವುದಿಲ್ಲ.

ಗುಣಮಟ್ಟ? ಬೈಕ್ ಗೇಮ್ ಕೈಗೆ ಹಿತವಾಗಿತ್ತು. ಆದರೆ ಮೊಬೈಲಿನಲ್ಲಿ ಫ್ರೀ ಕೊಡುವ ಗೇಮ್ ಅಂದರೆ ಅದು ಪೋಸ್ಟರಿನ ತಮ್ಮ. ಹೀರೋ ಓಡುತ್ತಾನೆ, ನಾಣ್ಯ ಹೆಕ್ಕುತ್ತಾನೆ, ಹೀರೋ ಮುಖ ತೆಗೆದು ಇನ್ನೊಂದು ಮುಖ ಹಾಕಿದರೂ ಗೇಮ್ ಅದೇ. ಮೂರು ವಾರ ಓಡುವ ಸಿನಿಮಾಕ್ಕೆ ಮೂರು ವರ್ಷದ ಗೇಮ್ ಮಾಡಲು ಯಾರು ದುಡ್ಡು ಹಾಕುತ್ತಾರೆ? ಕನ್ನಡ ಸಿನಿಮಾದ್ದು ಕೇಳುವ ಹುಡುಗರಿಗೆ ಪ್ಲೇಸ್ಟೇಷನ್‌ನಲ್ಲಿ ಹಾಕಿಕೊಡುವಂಥ ಒಂದು ಡಿಸ್ಕೂ ನನ್ನ ಕಪಾಟಿನಲ್ಲಿಲ್ಲ. ಹಾಗೆ ಹೇಳುವಾಗ ನನಗೂ ಸ್ವಲ್ಪ ಬೇಸರ ಆಗುತ್ತದೆ.

ಈಗ ಹೊಸ ಸಿನಿಮಾ ಬಂದ ಕೂಡಲೇ ಗೇಮ್ ಯಾಕೆ ಬರಲ್ಲ?

ಮಾಡಲು ಆಗುವುದಿಲ್ಲ, ಅದಕ್ಕೆ. ಪ್ಲೇಸ್ಟೇಷನ್ 3ರ ಕಾಲದಿಂದ ಗೇಮಿನ ಖರ್ಚೂ ಸಮಯವೂ ಏರುತ್ತಾ ಹೋದವು. ಒಂದು ದೊಡ್ಡ ಗೇಮಿಗೆ ಈಗ ನಾಲ್ಕೈದು ವರ್ಷ ಬೇಕು. ಸಿನಿಮಾ ಅಷ್ಟು ಕಾಯುವುದಿಲ್ಲ. ಜಾತ್ರೆಯ ಪೀಪಿ ಮಾರುವ ಕೆಲಸ ಈಗ ಬೇರೆ ಕಡೆ ಹೋಗಿದೆ. ಫೋರ್ಟ್‌ನೈಟ್‌ನಂಥ ಗೇಮಿನಲ್ಲಿ ಸಿನಿಮಾದ ಹೀರೋನ ವೇಷ ಮಾರುತ್ತಾರೆ, ಕೆಲಸ ಮುಗಿಯಿತು.

ಇದರಿಂದ ಒಂದು ಒಳ್ಳೆಯದಾಯಿತು. ಶುಕ್ರವಾರದ ಗಡುವು ಇಲ್ಲದ ಮೇಲೆ, ಮಾಡುವವರು ನಿಧಾನಕ್ಕೆ, ಇಷ್ಟಪಟ್ಟು ಮಾಡತೊಡಗಿದರು. 'ಏಲಿಯನ್' ಸಿನಿಮಾ 1979ರದ್ದು. 'ಏಲಿಯನ್: ಐಸೊಲೇಷನ್' ಗೇಮ್ ಬಂದದ್ದು 2014ರಲ್ಲಿ. 35 ವರ್ಷ! ಸಿನಿಮಾ ಕಂಪನಿ ಹಳೆಯ ಫೋಟೋ, ನಕ್ಷೆ, ಸೆಟ್ಟಿನ ಚಿತ್ರಗಳನ್ನೆಲ್ಲ ತೆಗೆದುಕೊಟ್ಟಿತು. ಅದರಲ್ಲಿ ಏಲಿಯನ್‌ಗೆ ಎರಡು ಮಿದುಳು ಇದ್ದ ಹಾಗೆ. ಒಂದಕ್ಕೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಅದು ಇನ್ನೊಂದಕ್ಕೆ ಆಗಾಗ ಸುಳಿವು ಮಾತ್ರ ಕೊಡುತ್ತದೆ. ಹುಡುಕುವುದು ಆ ಎರಡನೆಯದು. ಅದಕ್ಕೇ ಅದು ನಿಮ್ಮ ಸುತ್ತಲೇ ಸುಳಿಯುತ್ತದೆ, ಆದರೆ ನೇರ ಬಂದು ಹಿಡಿಯುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಇದನ್ನು ಹಾಕಿದರೆ ನನ್ನ ಪಾರ್ಲರ್‌ನಲ್ಲಿ ಯಾರೂ ಮಾತಾಡುವುದಿಲ್ಲ.

2018ರ 'ಸ್ಪೈಡರ್ ಮ್ಯಾನ್' ಯಾವ ಸಿನಿಮಾದ್ದೂ ಅಲ್ಲ, ತನ್ನದೇ ಕಥೆ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮೂ ಹಾಗೆಯೇ.

ಈಗ ತಡವಾದರೂ ಕೆಟ್ಟದ್ದರ ಮಾತು. 'ಲಾರ್ಡ್ ಆಫ್ ದ ರಿಂಗ್ಸ್'ನ ಗೊಲ್ಲಮ್ ಎಂಬ ಪಾತ್ರದ ಮೇಲೆ 2023ರಲ್ಲಿ ಒಂದು ಗೇಮ್ ಬಂತು. ಸಿನಿಮಾಗಳು ಬಂದು ಇಪ್ಪತ್ತು ವರ್ಷವಾಗಿತ್ತು, ಅವಸರವೇ ಇರಲಿಲ್ಲ. ಆದರೂ ಎಷ್ಟು ಕೆಟ್ಟದಾಗಿತ್ತೆಂದರೆ, ಮಾಡಿದ ಜರ್ಮನ್ ಕಂಪನಿ ಗೇಮ್ ತಯಾರಿಸುವುದನ್ನೇ ನಿಲ್ಲಿಸಿತು. ಏಲಿಯನ್ ಹೆಸರಿನಲ್ಲೇ 2013ರಲ್ಲಿ ಬಂದ 'ಕಲೋನಿಯಲ್ ಮರೀನ್ಸ್' ಇನ್ನೊಂದು. ಅದರಲ್ಲಿ ಏಲಿಯನ್‌ಗಳು ದಾರಿ ತಪ್ಪಿದ ಕುರಿಗಳ ಹಾಗೆ ಓಡಾಡುತ್ತಿದ್ದವು. ಹಲವು ವರ್ಷದ ನಂತರ ಆಟಗಾರರೊಬ್ಬರು ನೋಡಿದರೆ, ಸೆಟ್ಟಿಂಗ್ಸ್ ಫೈಲಿನ ಒಂದು ಪದದಲ್ಲಿ ಒಂದು ಅಕ್ಷರ ಜಾಸ್ತಿ ಬಿದ್ದಿತ್ತು. ಅದನ್ನು ಅಳಿಸಿದರೆ ಏಲಿಯನ್‌ಗಳ ಬುದ್ಧಿ ಸ್ವಲ್ಪ ಸುಧಾರಿಸುತ್ತದೆ. ಕಾಗುಣಿತ ತಪ್ಪು ಬರೆಯುವ ಹುಡುಗರಿಗೆ ಇದನ್ನು ತಪ್ಪದೇ ಹೇಳುತ್ತೇನೆ.

ಗೇಮಿನಿಂದ ಮಾಡಿದ ಸಿನಿಮಾಗಳು ಯಾಕೆ ಅಷ್ಟು ಕೆಟ್ಟದಾಗಿದ್ದವು?

ಇದಕ್ಕೆ ನನ್ನ ಸೋಫಾ ಉತ್ತರ ಕೊಡುತ್ತದೆ. ಒಬ್ಬ ಆಡುವಾಗ ಹಿಂದೆ ನಾಲ್ಕು ಜನ ನಿಂತು ನೋಡುತ್ತಾರೆ. ಕೆಲವರ ಆಟವನ್ನು ಯಾರೂ ನೋಡುವುದಿಲ್ಲ. ಎಷ್ಟೇ ಚೆನ್ನಾಗಿ ಆಡಲಿ, ಐದು ನಿಮಿಷಕ್ಕೆ ಮೊಬೈಲ್ ತೆಗೆಯುತ್ತಾರೆ. ಇನ್ನೊಬ್ಬ ಇರುತ್ತಾನೆ, ಆಡಲು ಬರುವುದಿಲ್ಲ, ಆದರೆ ಬಯ್ಯುತ್ತಾನೆ, ಬೆವರುತ್ತಾನೆ, ಏನು ಮಾಡಲಿ ಅಂತ ಹಿಂದಿನವರನ್ನು ಕೇಳುತ್ತಾನೆ. ಅವನ ಆಟ ನೋಡಲು ಜನ ಸೇರುತ್ತಾರೆ. ಅವರು ನೋಡುವುದು ಟಿವಿಯನ್ನಲ್ಲ, ಅವನನ್ನು.

ಗೇಮಿನ ಹೀರೋ ಅರ್ಧ ಖಾಲಿ ಇರುತ್ತಾನೆ. ಉಳಿದರ್ಧ ನೀವು. ಮಾರಿಯೋಗೆ ಮೀಸೆ, ಟೋಪಿ ಬಿಟ್ಟರೆ ಸ್ವಭಾವ ಏನಿತ್ತು? ಸಿನಿಮಾದವರು ಆ ಖಾಲಿ ಜಾಗಕ್ಕೆ ಏನನ್ನೋ ತುಂಬಿದರು, ಇಲ್ಲವೇ ಖಾಲಿಯೇ ಬಿಟ್ಟರು. 1993ರ 'ಸೂಪರ್ ಮಾರಿಯೋ ಬ್ರದರ್ಸ್' ಮೊದಲನೆಯ ಜಾತಿಯದು. ಬಣ್ಣದ ಅಣಬೆಗಳ ಲೋಕ ಹೋಗಿ, ಡೈನೋಸಾರ್ ವಂಶದವರ ಕತ್ತಲೆಯ ಊರು ಬಂತು. ಸುಮಾರು 4.8 ಕೋಟಿ ಡಾಲರ್ ಸುರಿದರು, ಅಮೆರಿಕದಲ್ಲಿ ಅದರ ಅರ್ಧವೂ ಬರಲಿಲ್ಲ. ಆಡಿದವರಿಗೆ ತಮ್ಮ ಮಾರಿಯೋ ಸಿಗಲಿಲ್ಲ, ಆಡದವರಿಗೆ ಇದೇನು ಅಂತ ತಿಳಿಯಲಿಲ್ಲ.

1994ರ 'ಸ್ಟ್ರೀಟ್ ಫೈಟರ್' ಇನ್ನೊಂದು ತಮಾಷೆ. ಗೇಮಿನಿಂದ ಸಿನಿಮಾ ಆಯಿತು. ಆ ಸಿನಿಮಾದಿಂದ 1995ರಲ್ಲಿ ಮತ್ತೆ ಗೇಮ್ ಆಯಿತು. ಮುಂಜಾನೆ ಕರಿದ ಮಿರ್ಚಿಯನ್ನು ಸಂಜೆ ಮತ್ತೆ ಎಣ್ಣೆಗೆ ಬಿಟ್ಟ ಹಾಗೆ. ಆದರೆ ಆ ಸಿನಿಮಾದ ವಿಲನ್ ರೌಲ್ ಜೂಲಿಯಾ ಅವರನ್ನು ಮಾತ್ರ ನೋಡಬೇಕು. ಆರೋಗ್ಯ ಕೆಟ್ಟಿದ್ದರೂ ತಮ್ಮ ಮಕ್ಕಳಿಗೆ ಇಷ್ಟ ಅಂತ ಒಪ್ಪಿಕೊಂಡ ಪಾತ್ರ ಅದು. ಬಿಡುಗಡೆಗೆ ಮೊದಲೇ ತೀರಿಕೊಂಡರು. ಉಳಿದವರೆಲ್ಲ ಸಂಬಳಕ್ಕೆ ಬಂದಂತೆ ಕಾಣುತ್ತಾರೆ, ಇವರೊಬ್ಬರು ಕಂಪನಿ ನಾಟಕದ ರಾಜನಂತೆ ಗುಡುಗುತ್ತಾರೆ.

ಟಾಂಬ್ ರೈಡರ್, ರೆಸಿಡೆಂಟ್ ಈವಿಲ್ ಓಡಿದವಲ್ಲ?

ಓಡಿದವು. ರೆಸಿಡೆಂಟ್ ಈವಿಲ್ 2002ರಿಂದ 2016ರ ತನಕ ಆರು ಸಿನಿಮಾ ಬಂದವು. ಓಡುವುದು ಬೇರೆ, ಚೆನ್ನಾಗಿರುವುದು ಬೇರೆ. 2016ರ 'ವಾರ್‌ಕ್ರಾಫ್ಟ್' ಜಗತ್ತಿನಾದ್ಯಂತ 43 ಕೋಟಿ ಡಾಲರ್ ಮೇಲೆ ಗಳಿಸಿತು. ಅದರಲ್ಲಿ ಅರ್ಧ ಚೀನಾದ್ದೇ. ಅಮೆರಿಕದಲ್ಲಿ ಐದು ಕೋಟಿಯೂ ಆಗಲಿಲ್ಲ.

ಗೇಮ್ ಮಾಡಿದವರೇ ಸಿನಿಮಾ ಮಾಡಿದರೆ ಸರಿಹೋಗತ್ತಾ?

ಅಷ್ಟು ಸುಲಭ ಇಲ್ಲ. 'ಫೈನಲ್ ಫ್ಯಾಂಟಸಿ' ಗೇಮಿನ ಹುಟ್ಟಿಗೆ ಕಾರಣರಾದ ಹಿರೊನೊಬು ಸಕಾಗುಚಿ ತಾವೇ 2001ರಲ್ಲಿ ಸಿನಿಮಾ ನಿರ್ದೇಶಿಸಿದರು. ಪೂರ್ತಿ ಕಂಪ್ಯೂಟರಿನಲ್ಲಿ ಮಾಡಿದ್ದು. ಒಂದೊಂದು ಕೂದಲೂ ಅಲುಗುತ್ತಿತ್ತು. 13.7 ಕೋಟಿ ಡಾಲರ್ ಖರ್ಚು, ಬಂದದ್ದು 8.5 ಕೋಟಿ. ಕೂದಲು ನೋಡಲು ಯಾರು ಟಿಕೆಟ್ ತೆಗೆಸುತ್ತಾರೆ?

ಹಾಗಾದರೆ ಯಾವಾಗ ಬದಲಾಯಿತು?

ಒಂದು ದಿನ ಹೇಳು ಅಂದರೆ ನಾನು 2019ರ ಏಪ್ರಿಲ್ ಕೊನೆಯ ದಿನ ಹೇಳುತ್ತೇನೆ. 'ಸಾನಿಕ್' ಸಿನಿಮಾದ ಟ್ರೈಲರ್ ಬಂದ ದಿನ. ಗೇಮಿನ ನೀಲಿ ಮುಳ್ಳುಹಂದಿ ಸಾನಿಕ್‌ನ ಬಾಯಲ್ಲಿ ಮನುಷ್ಯರ ಹಲ್ಲು! ಪಾರ್ಲರ್‌ನಲ್ಲಿ ಎಲ್ಲರೂ ಮೊಬೈಲ್ ಸುತ್ತ ಸೇರಿ ನಕ್ಕರು. ಜಗತ್ತಿನ ತುಂಬ ಹಾಗೇ ಆಯಿತು. ಹಿಂದಿನ ಕಾಲವಾಗಿದ್ದರೆ ಹಾಗೇ ಬಿಡುಗಡೆ ಮಾಡುತ್ತಿದ್ದರು. ಈ ಸಲ ಸಿನಿಮಾವನ್ನೇ ಮೂರು ತಿಂಗಳು ಮುಂದೆ ಹಾಕಿ, ಸಾನಿಕ್‌ನನ್ನು ಹೊಸದಾಗಿ ಬರೆದರು. 2020ರ ಫೆಬ್ರವರಿಯಲ್ಲಿ ಬಂದು ಚೆನ್ನಾಗಿ ಓಡಿತು. ಆಡಿದವರ ಮಾತು ಕೇಳಬೇಕು ಅನ್ನುವುದು ದುಡ್ಡು ಹಾಕುವವರ ತಲೆಗೆ ಹೋದದ್ದು ಆಗ.

ಇನ್ನೊಂದು ಕಡೆ, ಎರಡು ಗಂಟೆಗೆ ತುರುಕುವುದನ್ನು ಬಿಟ್ಟು ಸರಣಿ ಮಾಡತೊಡಗಿದರು. 2021ರ 'ಆರ್ಕೇನ್' ನೋಡಲು ಅದರ ಮೂಲ ಗೇಮ್ 'ಲೀಗ್ ಆಫ್ ಲೆಜೆಂಡ್ಸ್' ಆಡಿರಬೇಕೆಂದೇ ಇಲ್ಲ. ಅಕ್ಕ ತಂಗಿಯ ಜಗಳ ಯಾರಿಗೆ ಅರ್ಥವಾಗುವುದಿಲ್ಲ? 2023ರ 'ದ ಲಾಸ್ಟ್ ಆಫ್ ಅಸ್' ಸರಣಿಯನ್ನು ಕ್ರೇಗ್ ಮೇಜಿನ್ ಜೊತೆ ಬರೆದದ್ದು ಗೇಮ್ ಬರೆದ ನೀಲ್ ಡ್ರಕ್‌ಮನ್. ಮೂರನೇ ಕಂತಿನಲ್ಲಿ, ಗೇಮಿನಲ್ಲಿ ಒಂದು ಹೆಣ, ಒಂದು ಪತ್ರವಾಗಿಯಷ್ಟೇ ಬಂದುಹೋಗುವ ಒಬ್ಬನ ಬದುಕನ್ನು ಒಂದು ಗಂಟೆ ಹೇಳಿದ್ದಾರೆ. ಗುಂಡಿನ ಸದ್ದು ಬಹಳ ಕಡಿಮೆ. ಗೇಮಿನಲ್ಲಿ ಇದನ್ನು ಮಾಡಲು ಆಗುತ್ತಿರಲಿಲ್ಲ, ಅಲ್ಲಿ ನಮ್ಮ ಕೈಗೆ ಕೆಲಸ ಬೇಕು. ಹಿಂದೆ ನಿಂತವರಿಗೆ ಅಂತ ಬರೆದ ಕಥೆ ಅದು. 2024ರ 'ಫಾಲೌಟ್' ಅಂತೂ ಗೇಮಿನ ಲೋಕ ಇಟ್ಟುಕೊಂಡು ಹೊಸ ಕಥೆಯನ್ನೇ ಹೇಳಿತು. ಅದು ಬಂದ ವಾರ ನನ್ನಲ್ಲಿ ಧೂಳು ಹಿಡಿದಿದ್ದ 'ಫಾಲೌಟ್ 4' ಮತ್ತೆ ಹೊರಗೆ ಬಂತು.

ಅಂದ್ರೆ ಈಗ ಎಲ್ಲಾ ಚೆನ್ನಾಗಿ ಬರ್ತಿವೆಯಾ?

ಇಲ್ಲಪ್ಪ. 2024ರ 'ಬಾರ್ಡರ್‌ಲ್ಯಾಂಡ್ಸ್' ಹತ್ತು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿ 3.3 ಕೋಟಿ ತಂದಿತು. ಓಡಿದವುಗಳಲ್ಲೂ 2023ರ ಮಾರಿಯೋ 136 ಕೋಟಿ ಡಾಲರ್ ಗಳಿಸಿತು ನಿಜ, ಬಣ್ಣ ಚೆಂದ, ಕಥೆ ತೆಳು. 2025ರ 'ಮೈನ್‌ಕ್ರಾಫ್ಟ್'ಗೆ ತಂಗಿಯ ಮಗನನ್ನು ಹುಬ್ಬಳ್ಳಿಯ ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ನನಗೆ ನಿದ್ದೆ ಬಂತು, ಅವನು ಸೀಟಿನ ಮೇಲೆ ನಿಂತು ಕೂಗಿದ. "ಮಾಮಾ, ಕೋಳಿ ಮ್ಯಾಲೆ ಕುಂತಾನ ನೋಡು!" ಯಾರ ಮಾತು ಸರಿ ಅಂತ ಹೇಳಲು ನಾನು ಹೋಗುವುದಿಲ್ಲ. ಟಿಕೆಟ್ ಅವನ ಸಲುವಾಗಿ ತೆಗೆಸಿದ್ದು.

ವೈಸ್ ಸಿಟಿ ಸಿನಿಮಾ ಯಾವಾಗ ಬರತ್ತೆ?

ಅದೇ ಒಂದು ಸಿನಿಮಾ ಅಲ್ವಾ! 2002ರ ಆ ಗೇಮಿನ ಮೈತುಂಬ 1983ರ 'ಸ್ಕಾರ್‌ಫೇಸ್' ಇದೆ. ಕೊನೆಯ ಬಂಗಲೆ, ಮೆಟ್ಟಿಲು, ಅಲ್ಲಿನ ಗುಂಡಿನ ಕಾಳಗ ಎಲ್ಲ ಅಲ್ಲಿಂದ ಬಂದದ್ದೇ. ನನ್ನ ಕೆಫೆಯಲ್ಲಿ ಯಾರೂ ಆ ಸಿನಿಮಾ ನೋಡಿರಲಿಲ್ಲ. ಆದರೆ ಟ್ಯಾಂಕ್ ತರಿಸುವ 'ಪ್ಯಾಂಜರ್' ಕೋಡ್ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಇತ್ತು.

ನನಗೆ ಅನಿಸುವುದು ಏನೆಂದರೆ, ಲೈಸೆನ್ಸ್ ತೆಗೆದುಕೊಂಡು ಮಾಡಿದ್ದಕ್ಕಿಂತ ಸುಮ್ನೆ ಸಿನಿಮಾ ನೋಡಿ ಪ್ರೀತಿಯಿಂದ ಎತ್ತಿಕೊಂಡದ್ದೇ ಹೆಚ್ಚು ಚೆನ್ನಾಗಿ ಬಂದಿದೆ. 2001ರ 'ಮ್ಯಾಕ್ಸ್ ಪೇನ್' ಗೇಮ್ ಹಾಂಗ್‌ಕಾಂಗ್ ಸಿನಿಮಾಗಳ ನಿಧಾನಗತಿಯ ಗುಂಡಿನ ಕಾಳಗವನ್ನು ಆಟ ಮಾಡಿತು, ಅದ್ಭುತ. ಆಮೇಲೆ ಅದೇ ಗೇಮನ್ನು ಹಕ್ಕು ಕೊಂಡು 2008ರಲ್ಲಿ ಸಿನಿಮಾ ಮಾಡಿದರು, ನೀರಸ.

ಸಿನಿಮಾ ಮಕ್ಕಳದ್ದು ಅಂದ್ರೆ ಗೇಮೂ ಮಕ್ಕಳಿಗೆ ಕೊಡಬಹುದಾ? (ಇದು ತಂದೆ ತಾಯಿ ಕೇಳುವುದು)

ಡಬ್ಬಿಯ ಮೇಲಿನ ಸಂಖ್ಯೆ ನೋಡಿ. 7, 12, 16, 18 ಅಂತ ಇರುತ್ತದೆ. ಅದು ಆಟ ಎಷ್ಟು ಕಷ್ಟ ಅನ್ನುವುದಲ್ಲ, ಎಷ್ಟು ವಯಸ್ಸಿನವರಿಗೆ ಅನ್ನುವುದು. 2018ರ ಸ್ಪೈಡರ್ ಮ್ಯಾನ್ ಮೇಲೂ 16 ಅಂತಿದೆ. ಸರಣಿ ನೋಡಿ ಕಣ್ಣೀರು ಹಾಕಿದೆ ಅಂತ ಹತ್ತು ವರ್ಷದವನಿಗೆ 'ಲಾಸ್ಟ್ ಆಫ್ ಅಸ್' ಹಾಕಿಕೊಡಿ ಅಂದರೆ ನಾನು ಹಾಕುವುದಿಲ್ಲ. ಜಗಳಕ್ಕೆ ಬರಬೇಡಿ.

ಮೊದಲು ನೋಡಬೇಕಾ, ಆಡಬೇಕಾ?

ಲಾಸ್ಟ್ ಆಫ್ ಅಸ್ ಆದರೆ ಮೊದಲು ಆಡಿ. ಫಾಲೌಟ್ ಹೇಗಾದರೂ ಸರಿ. ಏಲಿಯನ್ ಆದರೆ ಸಿನಿಮಾ ನೋಡಿ, ಒಂದು ವಾರ ಬಿಟ್ಟು ಬನ್ನಿ.

ಇ.ಟಿ. ಗೇಮ್ ನಿಮ್ಮಲ್ಲಿ ಆಡೋಕೆ ಸಿಗತ್ತಾ?

ಮೇಲಿನ ಕಥೆ ಕೇಳಿದವರೆಲ್ಲ ಕೊನೆಗೆ ಇದನ್ನೇ ಕೇಳುತ್ತಾರೆ. ಮೂಲೆಯ ಕಂಪ್ಯೂಟರಿನಲ್ಲಿ ಎಮ್ಯುಲೇಟರ್, ಅಂದರೆ ಹಳೇ ಮೆಷಿನ್ನಿನ ಗೇಮ್ ಓಡಿಸುವ ಸಾಫ್ಟ್‌ವೇರ್, ಹಾಕಿದ್ದೇನೆ. ಅರ್ಧ ಗಂಟೆಗೆ 30 ರೂಪಾಯಿ. ಕೂತ ಹುಡುಗರೆಲ್ಲ ಹತ್ತು ಸಲ ಗುಂಡಿಗೆ ಬಿದ್ದು, ಎದ್ದು, ಕ್ರಿಕೆಟ್ ಹಾಕಿ ಅಂದಿದ್ದಾರೆ.

ಮುಗಿಸಿದ್ದು ಒಬ್ಬಳೇ. ಪಕ್ಕದ ಓಣಿಯಲ್ಲಿ ಕೆಎಎಸ್‌ಗೆ ಓದುವ ಹುಡುಗಿ. ಅವಳು ಮೊದಲು ಗೇಮ್ ಮುಟ್ಟಲೇ ಇಲ್ಲ. ಅದರ ಜೊತೆ ಬಂದಿದ್ದ ಸೂಚನೆ ಪುಸ್ತಕ ಇದೆಯಾ ಅಂತ ಕೇಳಿದಳು. ಹುಡುಕಿ ಸ್ಕ್ರೀನ್ ಮೇಲೆ ತೆಗೆದುಕೊಟ್ಟೆ. ಕೂತು ಪೂರ್ತಿ ಓದಿದಳು, ಮೇಲೆ ಬರುವ ಯಾವ ಗುರುತಿಗೆ ಏನು ಅರ್ಥ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡಳು. ಇಪ್ಪತ್ತು ನಿಮಿಷದಲ್ಲಿ ಇ.ಟಿ. ಮನೆಗೆ ಹೋದ.

"ಓದಿದ್ರ ಏನ್ ಕಷ್ಟ ಇಲ್ರೀ ಅಣ್ಣಾರ," ಅಂದಳು. ಹತ್ತು ನಿಮಿಷ ಉಳಿದಿತ್ತಲ್ಲ, ಅದರ ಹತ್ತು ರೂಪಾಯಿ ವಾಪಸ್ ಕೇಳಿದಳು. ಕೊಟ್ಟೆ.